ಜಾಲತಾಣದ ಹೆಸರೂ ಒಂದು ಅಂಕಿತವೇ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ನಮ್ಮ ಬಳಗಗಳೂ ಮಠಗಳ ವಿದ್ಯಾಸಂಸ್ಥೆಗಳೂ ಸ್ವಂತ ಜಾಲತಾಣ ಮಾಡಿಸುವ ಕಾಲವಿದು. ಪುಟದಲ್ಲಿ ಯಾರ ಚಿತ್ರ ಎಲ್ಲಿರಬೇಕು, ಬಣ್ಣ ಯಾವುದಿರಬೇಕು ಎಂದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಆದರೆ ಜನ ಆ ತಾಣವನ್ನು ಯಾವ ಹೆಸರಿನಿಂದ ಹುಡುಕಿಕೊಂಡು ಬರಬೇಕು ಎಂಬ ಪ್ರಶ್ನೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ಖಾಲಿ ಸಿಕ್ಕ ಹೆಸರನ್ನು ಕೊಂಡುಬಿಡುತ್ತಾನೆ. ಡೊಮೈನ್ ಎಂದು ಕರೆಯುವ ಈ ಹೆಸರಿನ ವಿಚಾರ ಅಷ್ಟು ಹಗುರವಾದದ್ದಲ್ಲ.

ಶರಣರು ಹೆಸರಿನ ಬೆಲೆ ಬಲ್ಲವರು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ರಾಮನಾಥ ಎಂದರೆ ನೇಯ್ಗೆಯ ಕಾಯಕದ ದೇವರ ದಾಸಿಮಯ್ಯನವರು. ತಾಳೆಗರಿಯ ಕಟ್ಟುಗಳು ಚದುರಿಹೋದರೂ ವಚನ ಯಾರದ್ದೆಂದು ಹೇಳಿದ್ದು ಈ ಅಂಕಿತಗಳೇ. ಅವು ಒಂದರಂತೆ ಇನ್ನೊಂದಿಲ್ಲ, ಕಿವಿಗೆ ಬಿದ್ದರೆ ಮರೆಯುವುದಿಲ್ಲ. ಜಾಲತಾಣದ ಹೆಸರಿಗೂ ಬೇಕಾದ ಗುಣ ಇವೇ.

ಮೊದಲ ಪರೀಕ್ಷೆ ಕಿವಿಯದು. ಗೋಷ್ಠಿಯಲ್ಲಿ ವಿಳಾಸವನ್ನು ಒಮ್ಮೆ ಬಾಯಲ್ಲಿ ಹೇಳಿದರೆ, ಹಿಂದಿನ ಸಾಲಿನಲ್ಲಿ ಕುಳಿತ ತಾಯಿ ಮನೆಗೆ ಹೋಗಿ ಮೊಮ್ಮಗನ ಫೋನಿನಲ್ಲಿ ತಪ್ಪಿಲ್ಲದೆ ಬರೆಸುವಂತಿರಬೇಕು. ಇಲ್ಲಿ ನಮ್ಮ ದೊಡ್ಡ ತೊಡಕು ಇಂಗ್ಲಿಷ್ ಕಾಗುಣಿತ. ‘ಲಿಂಗಾಯತ’ ಎಂಬ ಪದವನ್ನು ಕೆಲವರು ‘ಟಿ’ಗೆ ನಿಲ್ಲಿಸುತ್ತಾರೆ, ಕೆಲವರು ‘ಟಿಎಚ್’ ಬರೆಯುತ್ತಾರೆ, ಇನ್ನು ಕೆಲವರು ಕೊನೆಗೊಂದು ‘ಎ’ ಸೇರಿಸುತ್ತಾರೆ. ‘ವಚನ’ ಎಂಬಲ್ಲಿ ವಿದ್ವಾಂಸರು ‘ಸಿ’ ಮಾತ್ರ ಬರೆದರೆ ಉಳಿದವರು ‘ಸಿಎಚ್’ ಬರೆಯುತ್ತಾರೆ. ದೊಡ್ಡಬಳ್ಳಾಪುರವನ್ನು ರೈಲ್ವೆಯವರು ಬರೆಯುವುದೇ ಒಂದು ಬಗೆ, ನಾವು ಬರೆಯುವುದೇ ಇನ್ನೊಂದು ಬಗೆ. ಇಂಥ ಮೂರು ಪದಗಳನ್ನು ಜೋಡಿಸಿ ನಡುವೆ ಅಡ್ಡಗೆರೆ, ಅಂಕಿ ತುರುಕಿದರೆ ಹೆಸರು ಯಾರ ನೆನಪಿನಲ್ಲೂ ಉಳಿಯದು. ಚುಕ್ಕಿಗೆ ಮುಂಚಿನ ಭಾಗ 63 ಅಕ್ಷರದವರೆಗೂ ಇರಬಹುದು ಎಂಬುದು ನಿಯಮ. ಅಷ್ಟನ್ನೂ ತುಂಬಿಸಬೇಕೆಂದೇನೂ ಇಲ್ಲ. ಒಂದೆರಡು ಪದ ಸಾಕು. ಕಾಗುಣಿತ ಎರಡು ಬಗೆಯಾಗುವುದು ಖಚಿತವಾದರೆ ಎರಡನ್ನೂ ಕೊಂಡು ಒಂದೇ ತಾಣಕ್ಕೆ ಜೋಡಿಸುವುದು ಜಾಣತನ.

ಎರಡನೆಯ ಪರೀಕ್ಷೆ ಕಾಲದ್ದು. ನಮ್ಮ ಜಿಲ್ಲೆಯ ಕಥೆಯನ್ನೇ ನೋಡಿ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆಯಾಯಿತು. 2007ರಲ್ಲಿ ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣಗಳು ಬೇರೆಯಾಗಿ ರಾಮನಗರ ಜಿಲ್ಲೆ ಬಂತು. 2025ರಲ್ಲಿ ರಾಮನಗರಕ್ಕೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಅದೇ ವರ್ಷದ ಜುಲೈನಲ್ಲಿ ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ನಮ್ಮ ಜಿಲ್ಲೆಯನ್ನು ಬೆಂಗಳೂರು ಉತ್ತರವೆಂದು ಕರೆಯಲು ತೀರ್ಮಾನಿಸಿತು. ‘ಗ್ರಾಮಾಂತರ’ ಎಂದು ವಿಳಾಸ ಮಾಡಿಕೊಂಡ ಸಂಘ ಈಗೇನು ಮಾಡಬೇಕು? ಹೆಸರು ಬದಲಿಸಿದರೆ ಕರಪತ್ರ, ಪುಸ್ತಕ, ರಸೀದಿಗಳಲ್ಲಿ ಅಚ್ಚಾದ ವಿಳಾಸವೆಲ್ಲ ವ್ಯರ್ಥ. ಸರ್ಕಾರ ಇಟ್ಟ ಹೆಸರು ಸರ್ಕಾರದ್ದೇ. ಅದರ ಮೇಲೆ ನಮ್ಮ ಮನೆ ಕಟ್ಟುವುದು ಬೇಡ.

ಮೂರನೆಯದು ತತ್ವದ ಪರೀಕ್ಷೆ. ಪೀಠದಲ್ಲಿರುವ ಪೂಜ್ಯರ ಹೆಸರನ್ನೋ, ಬಿರುದನ್ನೋ, ಸಂಘದ ಅಧ್ಯಕ್ಷರ ಮನೆತನವನ್ನೋ ವಿಳಾಸ ಮಾಡುವ ಆಸೆ ಸಹಜ. ಪೀಠ ಕೈಬದಲಾದಾಗ, ಅಧ್ಯಕ್ಷರು ಇಳಿದಾಗ ಆ ಹೆಸರು ಅನಾಥವಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಒಳಪಂಗಡದ ಹೆಸರಿಡುವುದು. ಒಳಪಂಗಡಗಳ ಗೋಡೆ ಕೆಡವಬೇಕೆಂದು ವೇದಿಕೆಯಲ್ಲಿ ಮಾತನಾಡಿ, ಅದೇ ಗೋಡೆಯನ್ನು ಅಂತರ್ಜಾಲದಲ್ಲಿ ಎಬ್ಬಿಸಿದರೆ ನಾಡಿನ ಮಕ್ಕಳು ನಮ್ಮ ಮಾತನ್ನು ನಂಬುವರೇ? ಹೊರಗಿನವನೊಬ್ಬ ಬಸವತತ್ವ ತಿಳಿಯಲು ಬಂದಾಗ ಅವನು ಮೊದಲು ಓದುವುದು ನಮ್ಮ ಹೆಸರನ್ನೇ.

ಇದಕ್ಕೆ ಮಾದರಿ ಬೇಕೆಂದರೆ ಫ.ಗು. ಹಳಕಟ್ಟಿಯವರಿದ್ದಾರೆ. 1926ರಲ್ಲಿ ಅವರು ಆರಂಭಿಸಿದ ಪತ್ರಿಕೆಯ ಹೆಸರು ‘ಶಿವಾನುಭವ’. ಒಂದೇ ಪದ. ಅದರಲ್ಲಿ ಹಳಕಟ್ಟಿಯವರ ಹೆಸರಿಲ್ಲ, ಊರಿನ ಹೆಸರಿಲ್ಲ, ಪಂಗಡದ ಹೆಸರಿಲ್ಲ. ಪತ್ರಿಕೆಯ ಉದ್ದೇಶ ಮಾತ್ರ ಇದೆ.

ಹಾಗಾದರೆ ನಾಲ್ಕು ತಾಲ್ಲೂಕಿನ ಬಳಗಗಳು ತಮ್ಮ ಗುರುತು ಕಳೆದುಕೊಳ್ಳಬೇಕೇ ಎಂದು ಕೇಳಬಹುದು. ಇಲ್ಲ. ಆಯ್ದಕ್ಕಿ ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರು ಅದರ ಹಿಂದೆ ‘ಮಾರಯ್ಯಪ್ರಿಯ’ ಎಂದು ಸೇರಿಸಿಕೊಂಡರು. ಗುರುತು ಬೇರೆಯಾಯಿತು, ನೆಲೆ ಒಂದೇ ಉಳಿಯಿತು. ಜಾಲತಾಣದಲ್ಲೂ ಇದು ಸಾಧ್ಯ. ಒಂದು ಮುಖ್ಯ ಹೆಸರು ಕೊಂಡರೆ ಅದರ ಮುಂದೆ ಚುಕ್ಕಿಯಿಟ್ಟು ಬೇಕಾದಷ್ಟು ಉಪಹೆಸರು ಮಾಡಿಕೊಳ್ಳಬಹುದು, ಅದಕ್ಕಾಗಿ ಮತ್ತೆ ನೋಂದಣಿ ಶುಲ್ಕವಿಲ್ಲ. ಸಾವಿರಾರು ವಚನಗಳನ್ನು ಹುಡುಕಲು ಅನುವು ಮಾಡಿಕೊಟ್ಟ ‘ವಚನ ಸಂಚಯ’ದ ವಿಳಾಸ ‘ವಚನ ಡಾಟ್ ಸಂಚಯ ಡಾಟ್ ನೆಟ್’. ಸಂಚಯ ಎಂಬುದು ಮನೆ, ವಚನ ಎಂಬುದು ಅದರೊಳಗಿನ ಕೋಣೆ. ನಾಲ್ಕು ತಾಲ್ಲೂಕೂ ಹೀಗೆ ಒಂದೇ ಮನೆಯ ನಾಲ್ಕು ಕೋಣೆಗಳಾಗಬಹುದು. ನಾಳೆ ಜಿಲ್ಲೆಯ ಹೆಸರು ಬದಲಾದರೂ ಮನೆಗೆ ಧಕ್ಕೆಯಿಲ್ಲ.

ಹೆಸರಿನ ಕೊನೆಯ ವಿಚಾರಕ್ಕೆ ಬರೋಣ. ‘ಡಾಟ್ ಇನ್’ ನಮ್ಮ ದೇಶದ್ದು. ‘ಡಾಟ್ ಆರ್ಗ್’ ಕಂಡರೆ ಸೇವಾಸಂಸ್ಥೆ ಎಂದು ಜನ ತಿಳಿಯುತ್ತಾರೆ. ಆದರೆ ಎರಡನ್ನೂ ಯಾರು ಬೇಕಾದರೂ ಕೊಳ್ಳಬಹುದು, ಕೊನೆ ನೋಡಿ ನಂಬುವಂತಿಲ್ಲ. ಬ್ಯಾಂಕುಗಳ ಹೆಸರಿನಲ್ಲಿ ನಕಲಿ ತಾಣಗಳ ಕಾಟ ಹೆಚ್ಚಿದ್ದಕ್ಕೇ ರಿಸರ್ವ್ ಬ್ಯಾಂಕು, 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ದಾಸೋಹದ ಕಾಣಿಕೆಯನ್ನು ಆನ್‌ಲೈನಿನಲ್ಲಿ ಪಡೆಯುವ ನಮಗೂ ಆ ಎಚ್ಚರ ಬೇಕು. ಅಧಿಕೃತ ವಿಳಾಸ ಒಂದೇ ಇರಲಿ. ರಸೀದಿ, ಕರಪತ್ರ, ಮಠದ ಫಲಕ ಎಲ್ಲದರಲ್ಲೂ ಅದೇ ಇರಲಿ. ಮೋಸ ಕಂಡರೆ ತಡಮಾಡದೆ 1930ಕ್ಕೆ ಕರೆಮಾಡಿ. ಇನ್ನೊಂದು ಮಾತು: ಕನ್ನಡ ಲಿಪಿಯಲ್ಲೇ ಬರೆಯುವ ‘ಡಾಟ್ ಭಾರತ’ ವಿಳಾಸವೂ ಇದೆ. ಜನರ ನುಡಿಯಲ್ಲಿ ಅನುಭಾವ ಹೇಳಿದ ಶರಣರ ಮಕ್ಕಳು ಇಂಗ್ಲಿಷ್ ವಿಳಾಸದ ಜೊತೆಗೆ ಅದನ್ನೂ ಇಟ್ಟುಕೊಳ್ಳುವುದು ಚೆನ್ನ.

ಎಲ್ಲಕ್ಕಿಂತ ಮುಖ್ಯವಾದದ್ದು ಒಡೆತನ. ಡೊಮೈನ್ ಹೆಸರನ್ನು ನಾವು ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ, ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ, ಗುತ್ತಿಗೆ ಪಡೆಯುತ್ತೇವೆ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಹಕ್ಕುದಾರರು. ಸೇವೆಯ ಭಾವದಿಂದ ತನ್ನ ಹೆಸರಿನಲ್ಲೇ ನೋಂದಾಯಿಸಿದ ಯುವಕ ಕೆಲಸಕ್ಕೆಂದು ಪರದೇಶಕ್ಕೆ ಹೋದರೆ, ನವೀಕರಣದ ಸೂಚನೆ ಅವನ ಹಳೆಯ ಇಮೇಲಿಗೆ ಬಂದು ಬೀಳುತ್ತದೆ. ಗಡುವು ದಾಟಿದರೆ ಬಿಡಿಸಿಕೊಳ್ಳಲು ಕೆಲವೇ ದಿನ ಸಿಗುತ್ತದೆ, ದಂಡ ಬೇರೆ. ಅದೂ ಮೀರಿದರೆ ಹೆಸರು ಸಂತೆಗೆ ಬೀಳುತ್ತದೆ. ಬಸವಣ್ಣನವರ ಹೆಸರಿದ್ದ ವಿಳಾಸ ಒತ್ತಿದವರಿಗೆ ಜೂಜಿನ ಪುಟ ತೆರೆದುಕೊಂಡರೆ ಆ ಅಪಮಾನಕ್ಕೆ ಯಾರನ್ನು ಹೊಣೆ ಮಾಡೋಣ? ಹುಡುಗನನ್ನಲ್ಲ. ಸಮುದಾಯದ ಸ್ವತ್ತನ್ನು ಒಬ್ಬನ ಜೇಬಿನಲ್ಲಿ ಬಿಟ್ಟ ನಾವೇ ಹೊಣೆ.

ಆದ್ದರಿಂದ ಬಳಗಗಳಲ್ಲಿ ನಮ್ಮ ಕೋರಿಕೆ ಇಷ್ಟು. ಹೆಸರನ್ನು ಒಬ್ಬರು ನಿರ್ಧರಿಸುವುದು ಬೇಡ. ಮುಂದಿನ ಗೋಷ್ಠಿಯಲ್ಲಿ, ಅಕ್ಕಂದಿರೂ ಯುವಕರೂ ಕುಳಿತಿರುವಾಗ, ನಾಲ್ಕೈದು ಹೆಸರನ್ನು ಗಟ್ಟಿಯಾಗಿ ಹೇಳಿ ಆರಿಸಿ. ನೋಂದಣಿ ಸಂಘದ ಅಥವಾ ಟ್ರಸ್ಟಿನ ಹೆಸರಿನಲ್ಲಿ, ಸಂಸ್ಥೆಯದೇ ಇಮೇಲ್ ಮತ್ತು ಫೋನ್ ಸಂಖ್ಯೆಯಲ್ಲಿ ಆಗಲಿ. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿಯಾದರೂ ಇರಲಿ. ಒಮ್ಮೆಗೇ ಐದು ವರ್ಷಕ್ಕೆ ಹಣ ಕಟ್ಟಿ, ಗಡುವಿನ ತಾರೀಖನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಪದಾಧಿಕಾರಿಗಳು ಬದಲಾದಾಗ ಕೀಲಿಕೈ, ಲೆಕ್ಕಪುಸ್ತಕಗಳ ಜೊತೆ ಇದನ್ನೂ ಒಪ್ಪಿಸಿ. ಈಗಾಗಲೇ ತಾಣವಿರುವ ಬಳಗಗಳು ಅದು ಯಾರ ಹೆಸರಿನಲ್ಲಿದೆ ಎಂದು ಈ ತಿಂಗಳೇ ವಿಚಾರಿಸಿ, ಬೇರೆಯವರ ಹೆಸರಿನಲ್ಲಿದ್ದರೆ ಅವರಿಗೆ ಕೃತಜ್ಞತೆ ಹೇಳಿ ಸಂಸ್ಥೆಗೆ ವರ್ಗಾಯಿಸಿಕೊಳ್ಳಿ.

ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚಿದು. ಗುರುಬಸವಣ್ಣನವರ ಹೆಸರನ್ನು ಕಾಯುವ ಕಾಯಕಕ್ಕೆ ಅದು ಹೆಚ್ಚೇನಲ್ಲ.