ತುರಿಸುವ ಕಂದನಿಗೆ ಮದ್ದು ಯಾವುದು?

ನಡುರಾತ್ರಿಯಲ್ಲಿ ಮನೆಯೊಳಗೆ ಕೇಳಿಬರುವ ಸದ್ದುಗಳಲ್ಲಿ ಅತ್ಯಂತ ಸಣ್ಣದು, ಎಳೆಯ ಉಗುರು ಒಣಗಿದ ಚರ್ಮದ ಮೇಲೆ ಸರಿದಾಡುವ ಸದ್ದು. ಮಳೆಗಾಲದ ಕಡಲ ಮೊರೆತಕ್ಕೂ ಎಚ್ಚರಗೊಳ್ಳದ ತಾಯಿತಂದೆಗಳು ಈ ಸದ್ದಿಗೆ ಥಟ್ಟನೆ ಎದ್ದು ಕುಳಿತುಕೊಳ್ಳುತ್ತಾರೆ. ಇಸುಬು ಹತ್ತಿದ ಕೂಸು ಮನೆಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಆ ಸದ್ದು ಎರಡು ವರ್ಷಕ್ಕೂ ಮಿಕ್ಕಿ ಕೇಳಿಸಿತು. ಮಗಳಿಗೆ ಐದು ತಿಂಗಳಾಗಿದ್ದಾಗ ಕೆನ್ನೆಗಳ ಮೇಲೆ ಕೆಂಪು ಚಕ್ಕೆಗಳು ಮೂಡಿದುವು. ಜೊಲ್ಲು ತಗಲಿ ಹೀಗಾಗಿದೆ, ಹಲ್ಲು ಬಂದರೆ ಸರಿಹೋಗುತ್ತದೆ ಎಂದರು ನೋಡಿದವರು. ಹಲ್ಲು ಬಂದಿತು, ಚಕ್ಕೆಗಳು ಹೋಗಲಿಲ್ಲ. ವರ್ಷ ತುಂಬಿದ ಮೇಲೆ ಅವು ಕೆನ್ನೆಯನ್ನು ಬಿಟ್ಟು ಮೊಣಕೈಯ ಮಡಿಕೆಗೂ ಮೊಣಕಾಲಿನ ಹಿಂಭಾಗಕ್ಕೂ ಇಳಿದುವು. ತುರಿಸಿ ತುರಿಸಿ ನೀರೊಸರುವುದು, ಒಣಗಿ ಬಿರಿಯುವುದು, ಮತ್ತೆ ತುರಿಸುವುದು. ಬೆಳಗಾದರೆ ಹಾಸಿಗೆಯ ಮೇಲೆ ರಕ್ತದ ಸಣ್ಣ ಸಣ್ಣ ಬೊಟ್ಟುಗಳು.

ಮದ್ದಿಗಿಂತ ಮೊದಲು ಬಂದದ್ದು ಹೆಸರುಗಳು. ಕುಂದಾಪುರದ ನಮ್ಮ ಮನೆಯಲ್ಲಿ ತಾಯಿಯವರು ಇದನ್ನು ನಾಗನ ಮುನಿಸು ಎಂದರು. ಬೈಂದೂರಿನ ನನ್ನ ಪತ್ನಿಯ ತವರಿನಲ್ಲಿ ಇದು ನಂಜು. ಬ್ರಹ್ಮಾವರದಲ್ಲಿರುವ ಅಕ್ಕನ ಮನೆಗೆ ಹೋದರೆ ಭಾವನವರು ಕನ್ನಡಕವೇರಿಸಿ ನೋಡಿ, ಇದು ಶುದ್ಧ ಹುಳುಕಡ್ಡಿ ಎಂದು ತೀರ್ಪು ಕೊಟ್ಟರು. ಒಂದೇ ಹೆದ್ದಾರಿಯ ಮೇಲಿನ ಮೂರು ಊರುಗಳಲ್ಲಿ ಒಂದೇ ಕೂಸಿಗೆ ಮೂರು ರೋಗಗಳು! ಕನ್ನಡ ಪಾಠ ಹೇಳುವ ನನಗೆ ಹೆಸರುಗಳ ಮೇಲೆ ಮೋಹ ಸಹಜವೇ. ಆದರೆ ರೋಗದ ಹೆಸರು ತಪ್ಪಿದರೆ ಮದ್ದೂ ಅದರ ಹಿಂದೆಯೇ ದಾರಿ ತಪ್ಪುತ್ತದೆಂಬುದನ್ನು ನಾನು ಕಲಿತದ್ದು ಮಗಳ ಮೈಯ ಮೇಲೆ.

ನಾಗನ ಮುನಿಸೆಂದು ಬನದಲ್ಲಿ ತನು ಎರೆಸಿದೆವು. ಅದರಿಂದ ಹಿರಿಯರ ಮನಸ್ಸು ಹಗುರವಾಯಿತೇ ಹೊರತು ಮಗುವಿನ ತುರಿಕೆ ಇಳಿಯಲಿಲ್ಲ. ನಂಜೆಂದು ಬದನೆ, ಹಲಸು, ಸಿಗಡಿ, ಒಣಮೀನುಗಳನ್ನು ಅಡುಗೆಮನೆಯಿಂದ ಹೊರಗಟ್ಟಿದೆವು. ಬಳಿಕ ಮೊಟ್ಟೆ ಹೋಯಿತು, ಹಾಲೂ ಹೋಯಿತು. ಎದೆಹಾಲೂಡುತ್ತಿದ್ದ ನನ್ನ ಪತ್ನಿಯ ತಟ್ಟೆಯಲ್ಲಿ ಕೊನೆಗೆ ಉಳಿದದ್ದು ಅನ್ನ ಮತ್ತು ಸಾರು. ತಾಯಿಯೂ ಮಗುವೂ ಒಟ್ಟಿಗೆ ಸೊರಗಿದರು. ಇಸುಬು ಮಾತ್ರ ಸೊರಗಲಿಲ್ಲ. ಆಸಾಡಿ ಅಮಾವಾಸ್ಯೆಯ ದಿನ ಮರವಂತೆಯಲ್ಲಿ ಸಮುದ್ರಸ್ನಾನ ಮಾಡಿಸಿದರೆ ಚರ್ಮದ ಬಾಧೆ ಕಳೆಯುವುದೆಂದು ಕೇಳಿ ಅಲ್ಲಿಗೂ ಹೋದೆವು. ಬಿರಿದ ಚರ್ಮಕ್ಕೆ ಉಪ್ಪುನೀರು ತಗಲಿದಾಗ ಅವಳು ಇಟ್ಟ ಚೀತ್ಕಾರ ಈಗಲೂ ನನ್ನ ಕಿವಿಯಲ್ಲಿದೆ.

ಹುಳುಕಡ್ಡಿಯೆಂದ ಭಾವನವರು ಪೇಟೆಯ ಔಷಧದಂಗಡಿಯೊಂದರಿಂದ ಮುಲಾಮಿನ ಕೊಳವೆಯೊಂದನ್ನು ತಂದುಕೊಟ್ಟರು. ಹಚ್ಚಿದ ಮೂರನೆಯ ದಿನಕ್ಕೆ ಚರ್ಮ ಬೆಣ್ಣೆಯಂತಾಯಿತು. ಅಂದು ಅವರಿಗೆ ಕೈಮುಗಿದೆವು. ನಿಲ್ಲಿಸಿದ ವಾರದೊಳಗೆ ಇಸುಬು ಇಮ್ಮಡಿಯಾಗಿ ಮರಳಿತು. ಮತ್ತೆ ಹಚ್ಚಿದೆವು, ಮತ್ತೆ ಮರಳಿತು. ನಾಲ್ಕಾರು ತಿಂಗಳಲ್ಲಿ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗಿದಾಗ ಹೆದರಿ ತಜ್ಞ ವೈದ್ಯರಲ್ಲಿಗೆ ಹೋದೆವು. ಅವರು ಆ ಕೊಳವೆಯನ್ನು ತಿರುಗಿಸಿ ಅದರ ಮೇಲಿನ ಸಣ್ಣಕ್ಷರಗಳನ್ನು ನನಗೇ ಓದಲು ಹೇಳಿದರು. ಹುಳುಕಡ್ಡಿಯ ಮದ್ದು, ಕೀವಿನ ಮದ್ದು, ಇವೆರಡರ ಜೊತೆಗೆ ಕ್ಲೋಬೆಟಸೋಲ್ ಎಂಬ ಅತ್ಯಂತ ಪ್ರಬಲವಾದ ಸ್ಟೀರಾಯಿಡ್. ದೊಡ್ಡವರ ಅಂಗೈ ಅಂಗಾಲಿನ ದಪ್ಪ ಚರ್ಮಕ್ಕೆ ಎಣಿಸಿ ಕೊಡುವ ಮದ್ದನ್ನು ನಾವು ವರ್ಷದ ಕೂಸಿನ ಕೆನ್ನೆಗೆ ಬಳಿದಿದ್ದೆವು! ಇಂತಹ ಬಳಕೆ ದೇಶದಲ್ಲೆಲ್ಲ ಹಬ್ಬಿದ್ದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯಿಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿ ಕಾಗದದ ಮೇಲಿದೆ. ಕೊಳ್ಳುವವರು ನಾವೇ ಅದನ್ನು ನೆನಪಿಡಬೇಕು.

ವೈದ್ಯರು ಕೊಟ್ಟ ಹೆಸರು ಅಟೋಪಿಕ್ ಡರ್ಮಟೈಟಿಸ್. ನಮ್ಮ ಪೂರ್ವಿಕರಿಗೂ ಇಂತಹ ಬಾಧೆ ಅಪರಿಚಿತವಾಗಿರಲಿಲ್ಲ. ಆಯುರ್ವೇದವು ಎಣಿಸುವ 18 ಬಗೆಯ ಕುಷ್ಠಗಳಲ್ಲಿ, ಎಂದರೆ ಚರ್ಮವ್ಯಾಧಿಗಳಲ್ಲಿ, ತುರಿಕೆಯೂ ಒಸರುವಿಕೆಯೂ ಉಳ್ಳ ವಿಚರ್ಚಿಕೆಯೆಂಬುದನ್ನು ಇದಕ್ಕೆ ಹೋಲಿಸುವುದುಂಟು. ಎಕ್ಸಿಮಾ ಎಂಬ ಗ್ರೀಕ್ ಮೂಲದ ಪದಕ್ಕೆ ಕುದಿದು ಉಕ್ಕುವುದೆಂದು ಅರ್ಥ. ಅಟೋಪಿ ಎಂಬ ಮಾತನ್ನು 1923ರಲ್ಲಿ ಬಳಕೆಗೆ ತಂದವರು ಅಮೆರಿಕದ ಕೋಕಾ ಮತ್ತು ಕುಕ್. ನೆಲೆತಪ್ಪಿದ್ದು ಎಂದು ಅದರ ಭಾವ. ಅದನ್ನು ಚರ್ಮದ ಈ ಬಾಧೆಗೆ ಜೋಡಿಸಿ 1933ರಲ್ಲಿ ಇಂದಿನ ಹೆಸರನ್ನಿಟ್ಟವರು ವೈಸ್ ಮತ್ತು ಸಲ್ಜ್‌ಬರ್ಗರ್.

ಹಾಗಾದರೆ ನೆಲೆತಪ್ಪಿದ್ದು ಯಾವುದು? ವೈದ್ಯರು ನಮ್ಮ ಕರಾವಳಿಯ ಗೋಡೆಯ ದೃಷ್ಟಾಂತದಿಂದಲೇ ಅದನ್ನು ತಿಳಿಸಿದರು. ಕೆಂಪುಕಲ್ಲಿನ ಗೋಡೆ ಎಷ್ಟೇ ದಪ್ಪವಾಗಿರಲಿ, ಕಲ್ಲುಗಳ ನಡುವಣ ಗಾರೆ ಸಡಿಲಿದರೆ ಆಷಾಢದ ಮಳೆ ಒಳಕ್ಕೆ ಬಂದೇ ಬರುತ್ತದೆ. ಚರ್ಮದ ಹೊರಪದರವೂ ಅಂತಹುದೇ ಗೋಡೆ. ಜೀವಕೋಶಗಳು ಕಲ್ಲು, ಅವುಗಳ ನಡುವಣ ಜಿಡ್ಡು ಗಾರೆ. ಕೆಲವು ಮಕ್ಕಳಲ್ಲಿ ಈ ಗೋಡೆ ಹುಟ್ಟಿನಿಂದಲೇ ಸಡಿಲ. ಒಳಗಿನ ತೇವ ಹೊರಕ್ಕೆ ಆರಿಹೋಗುತ್ತದೆ. ಹೊರಗಿನ ಸಾಬೂನು, ಧೂಳು, ರೋಗಾಣುಗಳು ಒಳಕ್ಕೆ ನುಗ್ಗುತ್ತವೆ. ಅವುಗಳ ವಿರುದ್ಧ ದೇಹ ಹೂಡುವ ಕದನವೇ ಈ ಉರಿ ಮತ್ತು ತುರಿಕೆ. ಫಿಲಾಗ್ರಿನ್ ಎಂಬ ಚರ್ಮದ ಪ್ರೋಟೀನನ್ನು ರೂಪಿಸುವ ಜೀನಿನ ದೋಷ ಇದಕ್ಕೊಂದು ಮುಖ್ಯ ಕಾರಣವೆಂದು 2006ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂದ ಮೇಲೆ ಇದು ತಾಯಿ ತಿಂದ ಬದನೆಯ ತಪ್ಪಲ್ಲ, ಯಾರ ಶಾಪವೂ ಅಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಈ ಮೂರು ಮಾತುಗಳನ್ನು ಕೇಳಿದ ದಿನ ನನ್ನ ಪತ್ನಿ ಬಹುಕಾಲದ ಮೇಲೆ ಹೊಟ್ಟೆತುಂಬ ಉಂಡಳು.

ಗೋಡೆ ಸಡಿಲವೆಂದು ತಿಳಿದ ಮೇಲೆ ಚಿಕಿತ್ಸೆಯ ಅರ್ಥವೂ ತಿಳಿಯುತ್ತದೆ. ಮೊದಲನೆಯದು ದಿನನಿತ್ಯದ ಗಾರೆ ಕೆಲಸ. ಹಂಡೆಯ ಕುದಿನೀರನ್ನು ಹೊಯ್ದು ಉಜ್ಜಿ ಮೀಯಿಸುವುದು ನಮ್ಮ ಕಡೆಯ ವಾಡಿಕೆ. ಇಸುಬಿನ ಮಗುವಿಗೆ ಅದು ಸಲ್ಲದು. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಸಾಬೂನಿನ ಬದಲು ನೊರೆಯಿಲ್ಲದ ಸೌಮ್ಯ ದ್ರವ. ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ತೇವ ಕಾಯುವ ಮುಲಾಮನ್ನು ಧಾರಾಳವಾಗಿ ಸವರಬೇಕು. ಧಾರಾಳವೆಂದರೆ ಎಷ್ಟು? ಮೈಯೆಲ್ಲ ಹರಡಿದ್ದರೆ ವಾರಕ್ಕೆ ಕಾಲು ಕಿಲೋವಾದರೂ ಬೇಕೆಂದು ಬ್ರಿಟನ್ನಿನ ವೈದ್ಯಮಾರ್ಗದರ್ಶಿ ಹೇಳುತ್ತದೆ. ನಾವು ತಿಂಗಳಿಗೊಂದು ಸಣ್ಣ ಕೊಳವೆಯನ್ನು ಬೊಟ್ಟಿಡುವಂತೆ ಹಚ್ಚಿ ಫಲವಿಲ್ಲವೆಂದಿದ್ದೆವು! ಬೆಲೆಯುಳ್ಳದ್ದೇ ಆಗಬೇಕೆಂದಿಲ್ಲ; ಪರಿಮಳವಿಲ್ಲದ ಬಿಳಿಯ ಪೆಟ್ರೋಲಿಯಂ ಜೆಲ್ಲಿಯೂ ಸಾಕು.

ಎರಡನೆಯದು, ಉರಿ ಎದ್ದಾಗ ಅದನ್ನು ಆರಿಸುವ ಮದ್ದು. ಅದು ಸ್ಟೀರಾಯಿಡೇ. ಇಲ್ಲಿ ನಾನು ತಡವರಿಸಿದೆ. ಈಗ ತಾನೇ ಅದರಿಂದ ಪೆಟ್ಟು ತಿಂದವನಲ್ಲವೇ? ವೈದ್ಯರು ನಕ್ಕು, ಒಲೆಯ ಬೆಂಕಿಯೂ ಕಾಡ್ಗಿಚ್ಚೂ ಒಂದೇ ಆಯಿತೇ ಎಂದರು. ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಲೇಪದಿಂದ ಇಸುಬು ಇಳಿಯುತ್ತದೆಂದು 1952ರಲ್ಲಿ ಮೊದಲು ವರದಿ ಮಾಡಿದವರು ಸಲ್ಜ್‌ಬರ್ಗರ್ ಮತ್ತು ವಿಟ್ಟನ್. ರೋಗಕ್ಕೆ ಹೆಸರಿಟ್ಟವರಲ್ಲಿ ಒಬ್ಬರೇ ಮದ್ದನ್ನೂ ತೋರಿಸಿಕೊಟ್ಟರೆನ್ನಬಹುದು. ಮಗುವಿನ ವಯಸ್ಸಿಗೂ ಚರ್ಮದ ಜಾಗಕ್ಕೂ ತಕ್ಕ ಬಲದ ಮದ್ದನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಚರ್ಮ ತೆಳುವಾಗುವ ಭಯ ಬಹಳ ಕಡಿಮೆ. ಅಳತೆಯೂ ಸುಲಭ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಲೇಪ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಹಸ್ತಗಳಷ್ಟು ಜಾಗಕ್ಕೆ ಸಾಕು. ಮುಖದಂತಹ ನಾಜೂಕಾದ ಜಾಗಕ್ಕೆ, ಎರಡು ವರ್ಷ ದಾಟಿದ ಮಕ್ಕಳಿಗೆ, ಟ್ಯಾಕ್ರೋಲಿಮಸ್ ಎಂಬ ಸ್ಟೀರಾಯಿಡಲ್ಲದ ಲೇಪವನ್ನೂ ಕೊಡುವುದುಂಟು.

ಮನೆಯಲ್ಲಿ ಇದಕ್ಕೆ ಅಡ್ಡಿ ಬಂದದ್ದು ತಾಯಿಯವರ ಒಂದು ಮಾತು: "ಹೊರ್ಗ್ ಬಂದದ್ದನ್ನ್ ಒಳ್ಗ್ ತಳ್ಳುಕಾಗ ಮಗಾ." ಚರ್ಮದ ರೋಗವನ್ನು ಮದ್ದಿನಿಂದ ಅಡಗಿಸಿದರೆ ಅದು ಒಳಸರಿದು ಉಬ್ಬಸವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಈ ನಂಬಿಕೆ ಹುಟ್ಟಲು ಕಾರಣವಿಲ್ಲದೆ ಇಲ್ಲ. ಇಸುಬಿನ ಮಕ್ಕಳಲ್ಲಿ ಕೆಲವರಿಗೆ ಮುಂದೆ ಉಬ್ಬಸವೂ ನೆಗಡಿಯ ಅಲರ್ಜಿಯೂ ಬರುವುದು ನಿಜ. ಆದರೆ ಅವು ಒಂದೇ ಪ್ರಕೃತಿಯ ಒಡಹುಟ್ಟುಗಳು. ಹಿರಿಯದನ್ನು ಅಡಗಿಸಿದ್ದರಿಂದ ಕಿರಿಯದು ಹುಟ್ಟಿದ್ದಲ್ಲ. ಹಿರಿಯರು ಕಂಡದ್ದು ಸರಿ, ಕಟ್ಟಿದ ಕಾರಣ ಮಾತ್ರ ತಪ್ಪು. ಹೀಗೆ ಹೇಳಿದಾಗ ತಾಯಿಯವರು ಒಪ್ಪಿದರು. ಕಂಡದ್ದೇ ಸುಳ್ಳೆಂದಿದ್ದರೆ ಒಪ್ಪುತ್ತಿರಲಿಲ್ಲ.

ಮನೆಮದ್ದುಗಳನ್ನೂ ಇದೇ ತಾಳ್ಮೆಯಿಂದ ತೂಗಿ ನೋಡಬೇಕು. ನಮ್ಮ ತೆಂಗಿನೆಣ್ಣೆಯ ಮಾತನ್ನೇ ತೆಗೆದುಕೊಳ್ಳಿ. ಫಿಲಿಪ್ಪೀನ್ಸ್ ದೇಶದಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಾಯಿಸದೆ ತೆಗೆದ ಶುದ್ಧ ತೆಂಗಿನೆಣ್ಣೆಯು ಖನಿಜತೈಲಕ್ಕಿಂತ ಹೆಚ್ಚು ಗುಣ ತೋರಿತು. ಅಜ್ಜಿಯರು ಇಲ್ಲಿ ಗೆದ್ದರೆಂದೇ ಹೇಳಬೇಕು. ಆದರೆ ಬಿರಿದ ಚರ್ಮಕ್ಕೆ ಹಸಿ ಸೊಪ್ಪಿನ ರಸ, ನಿಂಬೆ, ಸ್ನಾನದ ನೀರಿಗೆ ಕ್ರಿಮಿನಾಶಕ ದ್ರವ, ಇವು ಉರಿಯ ಮೇಲೆ ಉರಿ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ, ಎರಡೇ ದಿನದಲ್ಲಿ ಪವಾಡ ತೋರುವ ಗಿಡಮೂಲಿಕೆಯ ಲೇಪವನ್ನಂತೂ ಅನುಮಾನದಿಂದಲೇ ನೋಡಬೇಕು. 1999ರಲ್ಲಿ ಲಂಡನ್ನಿನ ವೈದ್ಯರು ಚೀನೀ ಮೂಲಿಕೆಯದೆಂದು ಕೊಡಲಾಗುತ್ತಿದ್ದ 11 ಲೇಪಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಸ್ಟೀರಾಯಿಡ್ ಬೆರೆತಿತ್ತು.

ಪಥ್ಯದ ವಿಷಯದಲ್ಲಿ ಒಂದೇ ಮಾತು. ಒಂದು ಪದಾರ್ಥ ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮಗುವಿನ ಮೈ ದದ್ದೆದ್ದರೆ, ತುಟಿ ಊದಿದರೆ, ಅಥವಾ ಸರಿಯಾದ ಚಿಕಿತ್ಸೆಗೂ ಇಸುಬು ಬಗ್ಗದಿದ್ದರೆ, ವೈದ್ಯರೊಡನೆ ಆಹಾರದ ಅಲರ್ಜಿಯನ್ನು ವಿಚಾರಿಸಬೇಕು. ಇದಿಲ್ಲದೆ ಊಹೆಯಿಂದ ಹಾಲು ಮೊಟ್ಟೆಗಳನ್ನು ನಿಲ್ಲಿಸಿದರೆ ಬೆಳೆಯುವ ಮಗುವಿಗೆ ನಷ್ಟವೇ ಹೊರತು ಲಾಭವಿಲ್ಲ. ಹಳದಿ ಹೊಪ್ಪಳೆ ಕಟ್ಟಿದರೆ, ಕೀವಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜ್ವರದೊಡನೆ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಒಯ್ಯಬೇಕು.

ಮಗಳಿಗೆ ಈಗ ನಾಲ್ಕು ವರ್ಷ. ಇಸುಬು ಹೋಯಿತೇ ಎಂದು ಕೇಳುವವರಿಗೆ ಇಲ್ಲವೆಂದೇ ಹೇಳುತ್ತೇನೆ. ವೈಶಾಖದ ಬೆವರಿಗೆ ಒಮ್ಮೆ, ಮಳೆಗಾಲದಲ್ಲಿ ಬಟ್ಟೆ ಒಣಗದೆ ಮುಗ್ಗಲು ಹಿಡಿದಾಗ ಒಮ್ಮೆ, ಧನುರ್ಮಾಸದ ಒಣಗಾಳಿಗೆ ಒಮ್ಮೆ ಅದು ತಲೆಯೆತ್ತುತ್ತದೆ. ಹತ್ತಿಯ ಸಡಿಲ ಬಟ್ಟೆ, ಕತ್ತರಿಸಿದ ಉಗುರು, ದಿನಕ್ಕೆರಡು ಬಾರಿಯ ಮುಲಾಮು, ಉರಿಯೆದ್ದ ಕೂಡಲೇ ಅಳತೆಯ ಮದ್ದು, ಇಷ್ಟರಿಂದ ನಾಲ್ಕಾರು ದಿನಗಳಲ್ಲಿ ಅಡಗುತ್ತದೆ. ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ಬೆಳೆಯುತ್ತ ಇದು ತಾನಾಗಿ ಇಳಿಯುತ್ತದೆಂಬ ಭರವಸೆಯೂ ಉಂಟು. ನಾವು ಎರಡು ವರ್ಷ ಅಲೆದದ್ದು ಮದ್ದಿಲ್ಲದುದರಿಂದಲ್ಲ. ಒಂದೇ ಸಲಕ್ಕೆ ಬೇರು ಕೀಳುವ ಮದ್ದು ಬೇಕೆಂಬ ಹಟದಿಂದ. ಮನೆಯ ಗೋಡೆಯನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ದುರಸ್ತಿ ಮಾಡುವ ನಮಗೆ ಮಗುವಿನ ಚರ್ಮಕ್ಕೂ ಅಷ್ಟೇ ಆರೈಕೆ ಬೇಕೆಂಬುದು ಹೊಳೆಯಲು ಅಷ್ಟು ಕಾಲ ಹಿಡಿಯಿತು.

ತಾಯಿಯವರು ಈಗಲೂ ನಾಗರಪಂಚಮಿಗೆ ಬನಕ್ಕೆ ಹಾಲು ಒಯ್ಯುತ್ತಾರೆ. ಅದು ಅವರ ಭಕ್ತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ರಾತ್ರಿ ದೀಪವಾರಿಸುವ ಮುನ್ನ ಒಳಗಿನಿಂದ ತಪ್ಪದೆ ಅವರ ದನಿ ಕೇಳಿಬರುತ್ತದೆ: "ಹೆಣ್ಣಿಗ್ ಮುಲಾಮ್ ಹಚ್ದ್ಯಾ ಮಗಾ?"