ಹಳೆಯ ಆಟಗಳ ಸಂಗ್ರಹ: ಬೆಲೆ ಮತ್ತು ಮೌಲ್ಯ

ಸಂಗ್ರಹಬುದ್ಧಿಯು ಮಾನವನಿಗೆ ಸಹಜವಾದುದು. ಅಂಚೆಚೀಟಿ, ನಾಣ್ಯ, ಹಳೆಯ ಗ್ರಂಥ, ಗ್ರಾಮಫೋನ್ ತಟ್ಟೆ ಮುಂತಾದವುಗಳನ್ನು ಕೂಡಿಡುವ ಹವ್ಯಾಸಕ್ಕೆ ದೀರ್ಘವಾದ ಇತಿಹಾಸವಿದೆ; ಸಮಾಜದಲ್ಲಿ ಅದಕ್ಕೆ ಗೌರವವೂ ಉಂಟು. ಇತ್ತೀಚಿನ ದಶಕಗಳಲ್ಲಿ ಈ ಸಾಲಿಗೆ ಹೊಸದೊಂದು ವಸ್ತು ಸೇರಿಕೊಂಡಿದೆ. ಅದೇ ಹಳೆಯ ವಿಡಿಯೋ ಗೇಮ್. ಟೆಲಿವಿಷನ್ ಪೆಟ್ಟಿಗೆಗೆ ಜೋಡಿಸಿ ಆಡುತ್ತಿದ್ದ ಯಂತ್ರಗಳನ್ನೂ, ಅವುಗಳಿಗೆ ಸಿಕ್ಕಿಸುವ ಕಾರ್ಟ್ರಿಜ್‌ಗಳನ್ನೂ ಡಿಸ್ಕ್‌ಗಳನ್ನೂ ಹುಡುಕಿ ಹುಡುಕಿ ಕೊಳ್ಳುವವರು ಅಮೆರಿಕ, ಜಪಾನ್, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಮಕ್ಕಳ ಆಟಿಕೆಯನ್ನು ಬೆಳೆದವರು ಹಣ ತೆತ್ತು ಕೂಡಿಡುವುದು ಬಾಲಿಶವೆಂದು ನಗುವವರುಂಟು. ಚಿನ್ನದಂತೆ ಬೆಳೆಯುವ ಬಂಡವಾಳವಿದೆಂದು ಹೊಗಳುವವರೂ ಉಂಟು. ಈ ಎರಡು ಅಭಿಪ್ರಾಯಗಳೂ ವಿಷಯದ ತಿರುಳನ್ನು ಮುಟ್ಟುವುದಿಲ್ಲ. ಕೊಂಡ ವಸ್ತುವು ಮುಂದಿನವರ ಉಪಯೋಗಕ್ಕೆ ಬರುವಂತೆ ಉಳಿಯಿತೇ ಎಂಬುದರ ಮೇಲೆಯೇ ಈ ಹವ್ಯಾಸದ ಸಾರ್ಥಕತೆ ನಿಂತಿದೆ.

ಈ ವಸ್ತುಗಳ ಚರಿತ್ರೆ ದೀರ್ಘವಾದುದಲ್ಲ. ಮನೆಯಲ್ಲಿ ಆಡುವ ಮೊದಲ ಯಂತ್ರವಾದ ಮ್ಯಾಗ್ನವಾಕ್ಸ್ ಒಡಿಸ್ಸಿ 1972ರಲ್ಲಿ ಅಮೆರಿಕದ ಪೇಟೆಗೆ ಬಂದಿತು. ಅದರ ಮೂಲಪುರುಷ ರಾಲ್ಫ್ ಬೇರ್. ಆಟದ ಕ್ರಮವಿಧಿಯನ್ನು ಚಿಪ್ಪಿನಲ್ಲಿ ಅಡಗಿಸಿ, ಬೇಕೆಂದಾಗ ಬದಲಿಸಬಹುದಾದ ಕಾರ್ಟ್ರಿಜ್ಜಿನ ರೂಪವನ್ನು 1976ರಲ್ಲಿ ಬಂದ ಫೇರ್‌ಚೈಲ್ಡ್ ಚಾನೆಲ್ ಎಫ್ ಯಂತ್ರವು ತೋರಿಸಿಕೊಟ್ಟಿತು. ಆ ಕಾರ್ಯದ ಮುಂದಾಳು ಜೆರ‍್ರಿ ಲಾಸನ್ ಎಂಬ ಎಂಜಿನಿಯರರು. 1977ರಲ್ಲಿ ಅಟಾರಿ ಸಂಸ್ಥೆಯ ಯಂತ್ರವು, 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಂ ಯಂತ್ರವು ಮನೆಮನೆಯನ್ನು ಪ್ರವೇಶಿಸಿದವು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟವು ಲೋಕಪ್ರಸಿದ್ಧವಾಯಿತು. ಆದರೆ ತಯಾರಿಸಿದವರಾಗಲಿ ಕೊಂಡವರಾಗಲಿ ಇವುಗಳನ್ನು ಶಾಶ್ವತ ವಸ್ತುಗಳೆಂದು ಭಾವಿಸಿರಲಿಲ್ಲ. ಹೊಸ ಯಂತ್ರ ಬಂದೊಡನೆ ಹಳೆಯದು ಅಟ್ಟವನ್ನು ಸೇರುತ್ತಿತ್ತು.

ಈ ಅಲಕ್ಷ್ಯಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ನಡೆದ ಸಂಗತಿಯೊಂದು ಉತ್ತಮ ನಿದರ್ಶನ. 1982ರಲ್ಲಿ ಅಟಾರಿ ಸಂಸ್ಥೆಯು 'ಇ.ಟಿ.' ಚಲನಚಿತ್ರವನ್ನಾಧರಿಸಿದ ಆಟವನ್ನು ಅವಸರದಲ್ಲಿ ಸಿದ್ಧಪಡಿಸಿ, ಬೇಡಿಕೆಗೆ ಮೀರಿ ತಯಾರಿಸಿತು. ಮಾರಾಟವಾಗದೆ ಉಳಿದ ಸರಕನ್ನು ಇತರ ಆಟಗಳೊಡನೆ 1983ರಲ್ಲಿ ಅಲಮೊಗೊರ್ಡೊ ಪಟ್ಟಣದ ಕಸದ ಹೊಂಡದಲ್ಲಿ ಹೂಳಲಾಯಿತು. ಮೂವತ್ತು ವರ್ಷಗಳ ಬಳಿಕ, 2014ರ ಏಪ್ರಿಲ್‌ನಲ್ಲಿ, ಅದೇ ಹೊಂಡವನ್ನು ಅಗೆದು ಸುಮಾರು 1,300 ಕಾರ್ಟ್ರಿಜ್‌ಗಳನ್ನು ಹೊರತೆಗೆದರು. ಕೆಲವು ವಸ್ತುಸಂಗ್ರಹಾಲಯಗಳಿಗೆ ಹೋದವು. ಉಳಿದವುಗಳಲ್ಲಿ ಹಲವನ್ನು ಹರಾಜು ಹಾಕಿದಾಗ ಒಟ್ಟಿನಲ್ಲಿ 1 ಲಕ್ಷ ಡಾಲರಿಗೂ ಅಧಿಕ ಹಣ ಬಂದಿತು. ಒಂದು ತಲೆಮಾರು ಕಸವೆಂದು ಹೂಳಿದುದನ್ನು ಮುಂದಿನ ತಲೆಮಾರು ಅಗೆದು ಪೂಜಿಸಿತು. ಕಸ ಯಾವುದು, ಐತಿಹ್ಯದ ಸಾಕ್ಷಿ ಯಾವುದು ಎಂಬುದನ್ನು ಆಯಾ ಕಾಲದ ಪೇಟೆಯ ತೀರ್ಮಾನಕ್ಕೆ ಬಿಟ್ಟುಬಿಡುವುದು ಎಷ್ಟು ಅಪಾಯಕರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಟ್ಟ ಸೇರಿದ ಇಂತಹ ವಸ್ತುಗಳನ್ನು ಮೊದಲಿಗೆ ಉಳಿಸಿದವರು ಅಗ್ಗದ ಬೆಲೆಗೆ ಹುಡುಕಿಕೊಂಡು ಹೊರಟ ಸಾಮಾನ್ಯ ಹವ್ಯಾಸಿಗಳು. ಅಮೆರಿಕದಲ್ಲಿ ಮನೆ ಖಾಲಿಮಾಡುವವರು ಅಂಗಳದಲ್ಲಿಯೇ ಹಳೆಯ ಸಾಮಾನನ್ನು ಮಾರುವ ಪದ್ಧತಿಯಿದೆ; ಇಂಗ್ಲೆಂಡಿನಲ್ಲಿ ಕಾರಿನ ಹಿಂಬದಿಯಲ್ಲಿ ಸಾಮಾನು ಹರಡಿ ಮಾರುವ ಸಂತೆಗಳೂ, ದಾನವಾಗಿ ಬಂದ ವಸ್ತುಗಳನ್ನು ಮಾರುವ ಧರ್ಮಾರ್ಥ ಅಂಗಡಿಗಳೂ ಇವೆ. ಟೋಕಿಯೋ ನಗರದ ಅಕಿಹಬಾರ ಬಡಾವಣೆಯು ಹಳೆಯ ಆಟಗಳ ಅಂಗಡಿಗಳಿಗೆ ಹೆಸರಾದುದು. ಜಪಾನಿನ 'ಹಾರ್ಡ್ ಆಫ್' ಎಂಬ ಮಳಿಗೆಗಳಲ್ಲಿ 'ಜಂಕ್' ಎಂಬ ಹೆಸರಿನಲ್ಲಿ, ಕೆಲಸಮಾಡುವುದೆಂಬ ಭರವಸೆಯಿಲ್ಲದೆ, ಅತ್ಯಲ್ಪ ಬೆಲೆಗೆ ಹಳೆಯ ಯಂತ್ರಗಳು ಮಾರಾಟಕ್ಕಿರುತ್ತವೆ. ತಿಳಿದವನು ಅವುಗಳಲ್ಲಿ ರಿಪೇರಿಗೆ ಬರುವುದನ್ನು ಆರಿಸಿಕೊಳ್ಳುತ್ತಾನೆ.

ಹೀಗೆ ಅಗ್ಗಕ್ಕೆ ಕೊಳ್ಳುವುದರಲ್ಲಿ ಕೇವಲ ಜಿಪುಣತನವನ್ನು ಕಾಣುವುದು ತಪ್ಪು. ಅದಕ್ಕೆ ಜ್ಞಾನವೇ ಬಂಡವಾಳ. ಚೀಟಿಯ ಮುದ್ರಣ ಮಸುಕಾಗಿದೆಯೇ, ಒಳಗಿನ ಹಲಗೆ ಮೂಲ ಸಂಸ್ಥೆಯದೇ ಅಥವಾ ಖೋಟಾ ಸರಕೇ ಎಂಬುದನ್ನು ಗುರುತಿಸಲು ಅಭ್ಯಾಸ ಬೇಕು. ಕಾರ್ಟ್ರಿಜ್ಜಿನ ತುದಿಗೆ ಬಾಯಿಂದ ಊದಿದರೆ ಸರಿಹೋಗುವುದೆಂದು ಮಕ್ಕಳೆಲ್ಲ ನಂಬಿದ್ದರು. ಉಸಿರಿನ ತೇವದಿಂದ ಲೋಹದ ಸಂಪರ್ಕಗಳು ಕೆಡುತ್ತವೆಂದೂ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದೇ ಸರಿಯೆಂದೂ ಅನುಭವಸ್ಥರು ಬಲ್ಲರು. ಬೆಲೆಯ ವಿಚಿತ್ರಗತಿಯೂ ಅವರಿಗೆ ಗೊತ್ತು. 1994ರಲ್ಲಿ ಜಪಾನಿನಲ್ಲಿ 'ಮದರ್ 2' ಎಂಬ ಹೆಸರಿನಲ್ಲಿಯೂ, 1995ರಲ್ಲಿ ಅಮೆರಿಕದಲ್ಲಿ 'ಅರ್ಥ್‌ಬೌಂಡ್' ಎಂಬ ಹೆಸರಿನಲ್ಲಿಯೂ ಬಂದ ಆಟ ಒಂದೇ. ಜಪಾನಿನಲ್ಲಿ ಅದು ಹೇರಳವಾಗಿ ಮಾರಾಟವಾದುದರಿಂದ ಇಂದಿಗೂ ಸುಲಭ ಬೆಲೆಗೆ ದೊರೆಯುತ್ತದೆ. ಅಮೆರಿಕದಲ್ಲಿ ಅಂದು ಕೇಳುವವರಿಲ್ಲದೆ ಹೋದುದರಿಂದಲೇ ಇಂದು ಅದಕ್ಕೆ ನೂರಾರು ಡಾಲರ್ ತೆರಬೇಕಾಗಿದೆ. ಆಟದ ಗುಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಬೆಲೆ ಬೇರೆ, ಮೌಲ್ಯ ಬೇರೆ ಎಂಬ ಪಾಠವನ್ನು ಅರ್ಥಶಾಸ್ತ್ರದ ಅಧ್ಯಾಪಕರು ಇದಕ್ಕಿಂತ ಸರಳವಾದ ಉದಾಹರಣೆಯಿಂದ ಬೋಧಿಸಲಾರರು.

ಆದರೆ ಈಚಿನ ವರ್ಷಗಳಲ್ಲಿ ಈ ಕ್ಷೇತ್ರಕ್ಕೆ ಬೇರೊಂದು ಗಾಳಿ ಬೀಸಿದೆ. 2020ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಮನೆಯೊಳಗೆ ಉಳಿದ ಜನರು ಬಾಲ್ಯದ ಆಟಗಳತ್ತ ತಿರುಗಿದರು, ಬೆಲೆಗಳು ಏರತೊಡಗಿದವು. 2021ರ ಏಪ್ರಿಲ್‌ನಲ್ಲಿ ಮೊಹರು ಒಡೆಯದ 'ಸೂಪರ್ ಮಾರಿಯೋ ಬ್ರದರ್ಸ್' ಪ್ರತಿಯೊಂದು ಅಮೆರಿಕದ ಹರಾಜಿನಲ್ಲಿ 6,60,000 ಡಾಲರಿಗೆ ಹೋಯಿತು. ಅದೇ ವರ್ಷದ ಜುಲೈನಲ್ಲಿ 'ಲೆಜೆಂಡ್ ಆಫ್ ಜೆಲ್ಡಾ' 8,70,000 ಡಾಲರಿಗೂ, ಎರಡು ದಿನಗಳ ಅಂತರದಲ್ಲಿ 'ಸೂಪರ್ ಮಾರಿಯೋ 64' 15,60,000 ಡಾಲರಿಗೂ ಮಾರಾಟವಾದವು. ಈ ಕೊನೆಯ ಆಟವು 1996ರಲ್ಲಿ ಬಂದುದು. ಲೋಕದಲ್ಲಿ 1 ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದ ಆಟವದು. ಆಟಕ್ಕೇನೂ ಕೊರತೆಯಿರಲಿಲ್ಲ. ಕೊಂಡವನು ಅಷ್ಟು ಹಣವನ್ನು ತೆತ್ತುದು ಪೆಟ್ಟಿಗೆಯ ಮೇಲಿನ ತೆಳುವಾದ ಪ್ಲಾಸ್ಟಿಕ್ ಹೊದಿಕೆಗೆ, ಮತ್ತು ಅದು ಅಕ್ಷತವಾಗಿದೆಯೆಂದು ಹೇಳುವ ದರ್ಜೆಯ ಚೀಟಿಗೆ. ಅಂತಹ ಪೆಟ್ಟಿಗೆಯನ್ನು ತೆರೆದೊಡನೆ ಅದರ ಬೆಲೆ ಕುಸಿಯುತ್ತದೆ. ಆದಕಾರಣ ಅದನ್ನು ಯಾರೂ ತೆರೆಯುವುದಿಲ್ಲ, ಯಾರೂ ಆಡುವುದಿಲ್ಲ. ಆಡುವುದಕ್ಕಾಗಿಯೇ ಹುಟ್ಟಿದ ವಸ್ತುವು ಆಡದೆ ಇರುವುದರಿಂದಲೇ ಬೆಲೆ ಪಡೆಯುವುದು ವಿಪರ್ಯಾಸವಲ್ಲವೇ?

ದೊಡ್ಡ ಬೆಲೆಯಿಂದಲೇ ಜನರು ಹಳೆಯದನ್ನು ಕಸಕ್ಕೆ ಎಸೆಯದೆ ಜೋಪಾನ ಮಾಡುತ್ತಾರೆಂಬ ವಾದವೊಂದಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಬೆಲೆಯಿದೆಯೆಂದು ತಿಳಿದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿದಿವೆ. ಆದರೆ ಈ ವಸ್ತುಗಳು ಚಿನ್ನದಂತೆ ಕಾಲವನ್ನು ಎದುರಿಸಿ ನಿಲ್ಲುವಂತಹವಲ್ಲ. ಆಟದ ಪ್ರಗತಿಯನ್ನು ನೆನಪಿಡಲು ಹಲವು ಕಾರ್ಟ್ರಿಜ್‌ಗಳ ಒಳಗೆ ಗುಂಡಿಯಾಕಾರದ ಬ್ಯಾಟರಿಯನ್ನು ಬೆಸೆದಿರುತ್ತಾರೆ. ಅದು ಮುಗಿದೊಡನೆ ನೆನಪೂ ಅಳಿಯುತ್ತದೆ. 1999ರ 'ಪೋಕೆಮಾನ್' ಆಟಗಳಲ್ಲಿ ಗಡಿಯಾರವೂ ಅದೇ ಬ್ಯಾಟರಿಯಿಂದ ನಡೆಯುವುದರಿಂದ ಅವು ಇನ್ನೂ ಬೇಗ ಬರಿದಾಗಿವೆ. ಯಂತ್ರದೊಳಗಿನ ಕೆಪಾಸಿಟರ್‌ಗಳು ವಯಸ್ಸಾದಂತೆ ಸೋರಿ ಹಲಗೆಯನ್ನು ತಿನ್ನುತ್ತವೆ. ಡಿಸ್ಕ್‌ಗಳ ಲೋಹದ ಪದರವು ಕೆಲವೊಮ್ಮೆ ತಾನಾಗಿ ಕೆಡುತ್ತದೆ. ಮೊಹರು ಮಾಡಿದ ಪೆಟ್ಟಿಗೆಯಲ್ಲಿ ಇವುಗಳ ಸ್ಥಿತಿಯನ್ನು ನೋಡುವವರಾರು? ಓಲೆಗರಿಯ ಗ್ರಂಥಗಳು ಉಳಿದುದು ಕಟ್ಟಿನಲ್ಲಿ ಬಿಗಿದಿಟ್ಟುದರಿಂದಲ್ಲ. ಗೆದ್ದಲು ಹಿಡಿಯುವ ಮೊದಲೇ ಯಾರೋ ಅವನ್ನು ಬಿಚ್ಚಿ, ಓದಿ, ಪ್ರತಿಮಾಡಿದುದರಿಂದ. ಆಟಗಳ ವಿಷಯದಲ್ಲಿಯೂ ಇದೇ ನ್ಯಾಯ.

ತಯಾರಿಸಿದ ಸಂಸ್ಥೆಗಳೇ ಇವನ್ನು ಕಾಪಾಡುವುವೆಂಬ ಭರವಸೆಯೂ ಹುಸಿಯಾಗಿದೆ. 2002ರ 'ಕಿಂಗ್‌ಡಂ ಹಾರ್ಟ್ಸ್' ಆಟವನ್ನು ಹತ್ತು ವರ್ಷಗಳ ನಂತರ ನವೀಕರಿಸಲು ಹೊರಟಾಗ ಮೂಲಸಾಮಗ್ರಿ ಕಳೆದುಹೋಗಿದ್ದು, ಅದರ ಬಹುಭಾಗವನ್ನು ಹೊಸದಾಗಿ ಕಟ್ಟಬೇಕಾಯಿತು. 2023ರ ಮಾರ್ಚ್ 27ರಂದು ನಿಂಟೆಂಡೊ ಸಂಸ್ಥೆಯು ತನ್ನ ಎರಡು ಹಳೆಯ ಯಂತ್ರಗಳಾದ 3ಡಿಎಸ್ ಮತ್ತು ವೀ ಯು ಇವುಗಳ ಜಾಲಮಳಿಗೆಯಲ್ಲಿ ಮಾರಾಟವನ್ನು ನಿಲ್ಲಿಸಿತು. ವಸ್ತುರೂಪವಿಲ್ಲದೆ ಅಲ್ಲಿ ಮಾತ್ರ ದೊರೆಯುತ್ತಿದ್ದ ಎಷ್ಟೋ ಆಟಗಳನ್ನು ಕೊಳ್ಳುವ ದಾರಿ ಮುಚ್ಚಿತು. 2017ರಲ್ಲಿ ಫ್ರಾಂಕ್ ಸಿಫಾಲ್ಡಿ ಎಂಬವರು ಸ್ಥಾಪಿಸಿದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಅಂಗಡಿಯಲ್ಲಿ ಹೊಸದಾಗಿ ದೊರೆಯುವುದಿಲ್ಲ. ಅವನ್ನು ನೋಡಬಯಸುವವನು ಹಳೆಯ ಪ್ರತಿಯನ್ನು ಹುಡುಕಬೇಕು, ಇಲ್ಲವೇ ಸಂಗ್ರಹಾಲಯಕ್ಕೆ ಸ್ವತಃ ಹೋಗಬೇಕು, ಇಲ್ಲವೇ ಕಾನೂನನ್ನು ಮೀರಬೇಕು. ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಗ್ರಂಥಾಲಯಗಳಿಗೆ ಅನುಮತಿ ಬೇಕೆಂಬ ಬೇಡಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿಯು 2024ರ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು.

ಈ ಹಿನ್ನೆಲೆಯಲ್ಲಿ ಸಾಮಾನ್ಯ ಸಂಗ್ರಾಹಕನ ಸ್ಥಾನ ಹಿರಿದಾಗುತ್ತದೆ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿರುವ ಸ್ಟ್ರಾಂಗ್ ಆಟಗಳ ಸಂಗ್ರಹಾಲಯ, 1997ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಕಂಪ್ಯೂಟರ್ ಆಟಗಳ ಸಂಗ್ರಹಾಲಯ ಮೊದಲಾದ ಸಂಸ್ಥೆಗಳು ಅಭಿನಂದನಾರ್ಹ ಸೇವೆ ಸಲ್ಲಿಸುತ್ತಿವೆ. ಆದರೆ ಇಂತಹ ಸಂಸ್ಥೆಗಳ ಕಪಾಟುಗಳು ತುಂಬುವುದು ದಾನಿಗಳ ಔದಾರ್ಯದಿಂದ. ರಾಲ್ಫ್ ಬೇರ್ ಅವರು ತಮ್ಮ ಮೊದಲ ಮಾದರಿ ಯಂತ್ರಗಳನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ 2006ರಲ್ಲಿ ಅರ್ಪಿಸಿದರು. ಅವುಗಳನ್ನು ಹರಾಜಿಗಿಟ್ಟಿದ್ದರೆ ಎಷ್ಟು ಹಣ ಬರುತ್ತಿತ್ತೋ ಊಹಿಸಬಹುದು. ಆದರೆ ಆ ವಸ್ತುಗಳು ಇಂದು ಒಬ್ಬ ಧನಿಕನ ತಿಜೋರಿಯಲ್ಲಿ ಇರುತ್ತಿದ್ದವು.

ಅಗ್ಗದ ಬೇಟೆಗೆ ಒಂದು ನೀತಿಯ ಪ್ರಶ್ನೆಯೂ ಅಂಟಿಕೊಂಡಿದೆ. ದೂರದ ಊರಿಗೆ ಹೋದ ಮಗನ ಹಳೆಯ ಪೆಟ್ಟಿಗೆಯನ್ನು ವೃದ್ಧೆಯೊಬ್ಬಳು ಅಂಗಳದಲ್ಲಿ ಐದು ಡಾಲರಿಗೆ ಮಾರಲಿಟ್ಟಾಗ, ಅದರಲ್ಲಿ ಐನೂರು ಡಾಲರಿನ ಆಟವಿರುವುದನ್ನು ಕಂಡ ಸಂಗ್ರಾಹಕನ ಕರ್ತವ್ಯವೇನು? ವ್ಯಾಪಾರದಲ್ಲಿ ತಿಳಿವಳಿಕೆಗೆ ಫಲ ಸಲ್ಲತಕ್ಕದ್ದು. ಅಂಗಡಿಕಾರನೊಡನೆ ಚೌಕಾಶಿ ಮಾಡುವುದು ತಪ್ಪಲ್ಲ. ಆದರೆ ಅರಿಯದವಳ ಅಜ್ಞಾನದಿಂದ ಲಾಭ ಪಡೆದು, ಅದನ್ನೇ ಸಾಧನೆಯೆಂದು ಗೆಳೆಯರ ಮುಂದೆ ಕೊಚ್ಚಿಕೊಳ್ಳುವುದು ಸಜ್ಜನರಿಗೆ ಒಪ್ಪುವ ನಡತೆಯಲ್ಲ. ನಿಜವನ್ನು ತಿಳಿಸಿ, ನ್ಯಾಯವಾದ ಬೆಲೆಗೆ ಒಪ್ಪಂದ ಮಾಡಿಕೊಂಡವನಿಗೂ ಸಾಕಷ್ಟು ಉಳಿತಾಯವಾಗುತ್ತದೆ; ಮನಸ್ಸಿನ ನೆಮ್ಮದಿ ಅದರ ಮೇಲಿನ ಬಡ್ಡಿ.

ಭಾರತಕ್ಕೂ ಈ ಚರ್ಚೆ ಸಂಬಂಧಿಸದೆ ಇಲ್ಲ. 1990ರ ದಶಕದಲ್ಲಿ ಇಲ್ಲಿಯ ಮಧ್ಯಮವರ್ಗದ ಮನೆಗಳಿಗೆ ಬಂದುದು ಬಹುಮಟ್ಟಿಗೆ ಫ್ಯಾಮಿಕಾಂ ಯಂತ್ರದ ಅನುಕರಣಗಳು. ಒಂದೇ ಕಾರ್ಟ್ರಿಜ್ಜಿನಲ್ಲಿ ಸಾವಿರಾರು ಆಟಗಳಿವೆಯೆಂದು ಸಾರುವ ಹಳದಿ ಡಬ್ಬಿಗಳು. ಲೋಕದ ಹರಾಜುಗಳಲ್ಲಿ ಇವುಗಳಿಗೆ ಹೇಳಿಕೊಳ್ಳುವಂತಹ ಬೆಲೆಯಿಲ್ಲ. ಆದರೂ ಒಂದು ಪೀಳಿಗೆಯ ಕನ್ನಡ ಮಕ್ಕಳು ಮೊಟ್ಟಮೊದಲು ಮಾರಿಯೋವನ್ನು ಕಂಡುದು ಅವುಗಳಲ್ಲಿಯೇ. ಬೆಲೆಯಿಲ್ಲದ ಕಾರಣಕ್ಕೆ ಅವು ಗುಜರಿಗೆ ಸೇರುತ್ತಿರುವುದನ್ನು ನೋಡಿದರೆ, ಅಲಮೊಗೊರ್ಡೊದ ಹೊಂಡ ಅಷ್ಟು ದೂರದಲ್ಲಿಲ್ಲವೆನಿಸುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಹಳೆಯ ಆಟವನ್ನು ಅಗ್ಗಕ್ಕೆ ಕೊಂಡವನಿಗೆ ಮೂರು ಋಣಗಳುಂಟು. ಅದನ್ನು ಶುಚಿಗೊಳಿಸಿ, ಬ್ಯಾಟರಿ ಬದಲಿಸಿ, ನಡೆಯುವ ಸ್ಥಿತಿಯಲ್ಲಿಡುವುದು ವಸ್ತುವಿನ ಋಣ. ಅದರ ಕೈಪಿಡಿಯನ್ನೂ ಚರಿತ್ರೆಯನ್ನೂ ಬರೆದಿಟ್ಟು ಇತರರಿಗೆ ತಿಳಿಸುವುದು ವಿದ್ಯೆಯ ಋಣ. ತನ್ನ ನಂತರ ಅದು ಯಾರ ಕೈ ಸೇರಬೇಕೆಂಬುದನ್ನು ಮೊದಲೇ ನಿರ್ಧರಿಸಿ, ಶಾಲೆಗೋ ಗ್ರಂಥಾಲಯಕ್ಕೋ ಸಂಗ್ರಹಾಲಯಕ್ಕೋ ವಹಿಸುವುದು ಸಮಾಜದ ಋಣ. ಈ ಮೂರನ್ನೂ ತೀರಿಸಿದವನ ಸಂಗ್ರಹ ಎಷ್ಟೇ ಚಿಕ್ಕದಿರಲಿ, ಅದು ಧನ್ಯ. ಎಂದೋ ಒಂದು ದಿನ ಕಪಾಟಿನಿಂದ ಆ ಕಾರ್ಟ್ರಿಜ್ಜನ್ನು ತೆಗೆದು, ಯಂತ್ರಕ್ಕೆ ಸಿಕ್ಕಿಸಿ, ಪರದೆ ಬೆಳಗುವುದನ್ನು ಕಂಡು ಹಿಗ್ಗುವ ಬಾಲಕನಿಗೆ ಅದರ ಹರಾಜಿನ ಬೆಲೆ ತಿಳಿದಿರಬೇಕಾದ ಅಗತ್ಯವಿಲ್ಲ.