ಕಡಲಾಚೆಯ ದುಡ್ಡಿಗೆ ಊರಲ್ಲೊಂದು ರಸೀದಿ ಪುಸ್ತಕ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಗೋಕಾಕದೊಳಗೆ ನುಗ್ಗಿದಾಗ ಹೊರಗೆ ನೆಲೆಸಿದ್ದ ಊರವರು ಕೈಕಟ್ಟಿ ಕೂರಲಿಲ್ಲ. ದಿನಸಿ ಕಿಟ್, ಚಾದರ, ಪಾತ್ರೆ ಬಂದವು. ಜನ ಆ ದಿನಗಳನ್ನು ದಾಟಿದರು. 2024ರ ಜುಲೈನಲ್ಲಿ ಗೋಕಾಕದ ಬಳಿಯ ಲೋಳಸೂರು ಸೇತುವೆ ಮತ್ತೆ ಮುಳುಗಿತು. ಕಿಟ್‌ಗಳಿಂದ ಆಗುವುದು ಅಷ್ಟೇ.

ಹೊರಗಿನ ದುಡ್ಡು ಉಳಿದ ದಿನಗಳಲ್ಲಿ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಗೋಡೆ ನೋಡಿ. ಗ್ರಾನೈಟ್ ಫಲಕದ ಮೇಲೆ ದಾನಿಗಳ ಹೆಸರು, ಎದುರಿಗೆ 501, 1,001, 5,001 ರೂಪಾಯಿ. ಜಾತ್ರೆಗೆ ಪಟ್ಟಿ ಎತ್ತುವವರಿಗೆ ಯಾರ ಮಗ ಗೋವಾದಲ್ಲಿದ್ದಾನೆ, ಯಾರ ಅಳಿಯ ದುಬೈನಲ್ಲಿದ್ದಾನೆ ಎಂಬುದು ಬಾಯಿಪಾಠ. ಅದೇ ಊರಿನ ಶಾಲೆಯ ಶೌಚಾಲಯಕ್ಕೆ ಪಟ್ಟಿ ಎತ್ತುವವರು ಅಪರೂಪ. ಇದನ್ನು ಬರೀ ಭಕ್ತಿಯ ಲೆಕ್ಕಕ್ಕೆ ಹಾಕಲಾರೆ. ಗುಡಿಗೆ ಕಮಿಟಿ ಇದೆ, ರಸೀದಿ ಪುಸ್ತಕ ಇದೆ, ಲೆಕ್ಕ ತಪ್ಪಿದರೆ ಕಟ್ಟೆಯ ಮೇಲೆ ಕೇಳುವ ಹಿರಿಯರಿದ್ದಾರೆ. ದುಡ್ಡು ನಂಬಿಕೆ ಇರುವಲ್ಲಿಗೆ ಹೋಗುತ್ತದೆ.

ಹೊರಗಿನ ವಿದ್ಯೆ, ಹೊರಗಿನ ಹಣ ಈ ನೆಲದಲ್ಲಿ ಬೇರೂರಿದ್ದೂ ಹೀಗೆಯೇ. ಡಾ. ನಾ.ಸು. ಹರ್ಡೀಕರ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದಲ್ಲಿ ಲಾಲಾ ಲಜಪತ ರಾಯರ ಹೋಂ ರೂಲ್ ಲೀಗ್‌ಗೆ ದುಡಿದು, 1921ರಲ್ಲಿ ಮರಳಿದರು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಅವರು ಘಟಪ್ರಭಾ ಊರಿನ ಕರ್ನಾಟಕ ಆರೋಗ್ಯಧಾಮಕ್ಕೂ ಹೆಗಲು ಕೊಟ್ಟರು. ಡಾಲರಿಗಿಂತ ಅವರು ತಂದ ಸಂಘಟನೆಯ ಪಾಠ ಹೆಚ್ಚು ಬಾಳಿತು.

ಹುಕ್ಕೇರಿಯದು ಇನ್ನೂ ಸ್ವಾರಸ್ಯದ ಕಥೆ. 1969ರಲ್ಲಿ ದೇಶದ ಐದು ಕಡೆ ಪ್ರಯೋಗವಾಗಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯ ಸಂಘವೂ ಒಂದು. ಆ ಯೋಜನೆಯ ಹಿಂದೆ ಅಮೆರಿಕದ ನೆರವೂ ಇತ್ತು. ನೆರವು ಕೊಟ್ಟವರು ಎಂದೋ ಹೋದರು, ಸಂಘ ಇಂದಿಗೂ ಕರೆಂಟ್ ಹಂಚುತ್ತಿದೆ. ಇದರ ಚುನಾವಣೆ ದೊಡ್ಡ ಮನೆತನಗಳ ಜಿದ್ದಿನ ಕಣವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮತ ಹಾಕುವವರು ಸದಸ್ಯರೇ. ಜಗಳವಾಡುವಷ್ಟು ಹಕ್ಕು ಊರವರಿಗೆ ಇರುವುದನ್ನು ನಾನು ಒಳ್ಳೆಯ ಲಕ್ಷಣವೆಂದೇ ಎಣಿಸುತ್ತೇನೆ.

ಹಾಗಾದರೆ ಹೊರದೇಶದ ಕನ್ನಡಿಗರು ಏನು ಮಾಡಬೇಕು? ಅವರ ಕನ್ನಡ ಕೂಟಗಳು ಹಣ ಒಟ್ಟು ಮಾಡಿ ಬೆಂಗಳೂರಿನ ದೊಡ್ಡ ಸಂಸ್ಥೆಗೆ ಕಳಿಸಿ, ಅಲ್ಲಿಂದ ಹಳ್ಳಿಯ ಸಂಘಕ್ಕೆ ಮುಟ್ಟಿಸುವ ದಾರಿ ಈಗ ಮುಚ್ಚಿದೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ, ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ ಶೇ 20 ಮೀರಬಾರದು. ಮೂಡಲಗಿಯ ಸಣ್ಣ ಯುವಕ ಸಂಘ ಇಷ್ಟೆಲ್ಲ ನಿಭಾಯಿಸೀತೇ?

ಇನ್ನೊಂದು ಬಾಗಿಲು ತೆರೆದಿದೆ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ತನ್ನ ಗಳಿಕೆಯಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಒಸಿಐ ಕಾರ್ಡಿನವರದು ಎನಿಸುತ್ತದೆ. ಹಾಗಾಗಿ ಕೂಟದ ಹೆಸರಿನ ದೊಡ್ಡ ಚೆಕ್ಕಿಗಿಂತ, ಗಲ್ಫ್‌ನಲ್ಲಿ ದುಡಿಯುವ ಫಿಟ್ಟರನೊಬ್ಬ ಊರಿನ ನೋಂದಾಯಿತ ಸಂಘಕ್ಕೆ ತಿಂಗಳಿಗಿಷ್ಟು ಎಂದು ನೇರ ಹಾಕುವ ಹಣ ಬೇಗ ಮುಟ್ಟುತ್ತದೆ. ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ ಅವನೂ ವಾಟ್ಸ್‌ಆ್ಯಪ್ ಕರೆಯಲ್ಲಿ ಕೂತು ಪ್ರಶ್ನೆ ಕೇಳಬಹುದು.